ಬಾದಾಮಿ ಪೆಟ್ಟಿಗೆಯಲ್ಲಿ ಬಂದ ಕುದುರೆ

ನನ್ನ ಮೇಜಿನ ಗಾಜಿನ ಕೆಳಗೆ ಒಂದು ಪುಟವಿದೆ. ಮಕ್ಕಳ ಕಥೆಪುಸ್ತಕವೊಂದರಿಂದ ಕಿತ್ತ ಪುಟ. ನಡುವೆ ಲೋಟದ ತಳದಷ್ಟು ಅಗಲದ ಕಂದು ಕಲೆ. ಮನೆಗೆ ಬಂದವರು ಕಾಫಿ ಚೆಲ್ಲಿದೆ ಎಂದುಕೊಳ್ಳುತ್ತಾರೆ. ಅದು ಮಾವಿನ ಸೊನೆ, ಬಾದಾಮಿ ಹಣ್ಣಿನ ತೊಟ್ಟಿನಿಂದ ಇಳಿದದ್ದು. ಗಾಜು ಎತ್ತಿ ಮೂಸಿದರೆ ಈಗಲೂ ವಾಸನೆ ಬರುತ್ತದೆ ಎಂದು ನಾನು ಹೇಳುತ್ತೇನೆ. ಇಲ್ಲ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಎರಡು ಕಡೆಯವರು ಎರಡು ಥರ ಹೇಳಿದಾಗ ಸುದ್ದಿಯನ್ನು ತಡೆಹಿಡಿಯಬೇಕು ಎಂಬುದು ಪತ್ರಿಕಾ ಕಚೇರಿಯಲ್ಲಿ ನಾನು ಕಲಿತ ಶಿಸ್ತು. ಹಾಗಾಗಿ ವಾಸನೆಯ ವಿಷಯ ಇಲ್ಲಿಗೇ ಬಿಟ್ಟೆ.

ಪುಟವನ್ನು ಅಲ್ಲಿಟ್ಟಿದ್ದು ನಾನಲ್ಲ, ನನ್ನ ಅಕ್ಕನ ಮೊಮ್ಮಗಳು ಚೈತ್ರ. "ಇದು ಇಲ್ಲೇ ಇರ್ಲಿ ತಾತ, ಮರೆವು ಜಾಸ್ತಿ ಇರೋದು ನಿಮಗೇ" ಎಂದು ಹೇಳಿ ಇಟ್ಟುಹೋದಳು.

ಕೋಲಾರದಲ್ಲಿ ಕೂತು ಜಿಲ್ಲೆಯ ಸುದ್ದಿ ತಿದ್ದುವುದು ನನ್ನ ಕೆಲಸ. ಯಾರು, ಏನು, ಎಲ್ಲಿ, ಯಾವಾಗ, ಯಾಕೆ ಎಂಬ ಪ್ರಶ್ನೆಗಳಿಗೆ ಉತ್ತರ ಇಲ್ಲದ ವರದಿಯನ್ನು ವಾಪಸು ಕಳಿಸುತ್ತೇನೆ. ಹೋದ ಬೇಸಿಗೆ ಮಕ್ಕಳಿಗೆ ಪುಸ್ತಕ ಓದಿಸುತ್ತೇನೆ ಎಂದು ನಾನು ಹೊರಟಿದ್ದರ ವರದಿಯನ್ನು ಯಾರಾದರೂ ಬರೆದು ತಂದರೆ ಅದನ್ನೂ ವಾಪಸು ಕಳಿಸಬೇಕಾಗುತ್ತದೆ. ಯಾರು, ಎಲ್ಲಿ, ಯಾವಾಗ ಎಲ್ಲ ಸರಿಯಾಗಿದೆ. ಆದದ್ದು ಏನು, ಯಾಕೆ ಹಾಗಾಯಿತು ಎಂಬಲ್ಲಿ ತಲೆ ಕೆರೆದುಕೊಳ್ಳುತ್ತೇನೆ. ಶೀರ್ಷಿಕೆ ಇಂದಿಗೂ ಹೊಳೆದಿಲ್ಲ.

ಶುರುವಾದದ್ದು ಒಂದು ಫೋನಿನಿಂದ. ಅಕ್ಕನ ಮಗಳು ಮಂಜುಳ ಮಾಲೂರಿನಲ್ಲಿದ್ದಾಳೆ. ಅವಳ ಗಂಡ ಅಲ್ಲಿಯ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದಾನೆ. ಮಗಳು ಚೈತ್ರ ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಏಳನೇ ಕ್ಲಾಸು ಮುಗಿಸಿ ರಜೆಗೆ ಶ್ರೀನಿವಾಸಪುರದ ಅಜ್ಜಿ ಮನೆಗೆ, ಅಂದರೆ ನನ್ನ ರತ್ನಕ್ಕನ ಮನೆಗೆ, ಬಂದಿದ್ದಳು.

"ಮಾಮ, ಹೊತ್ತು ಹುಟ್ಟಿದ್ರೆ ಮೊಬೈಲು. ನನ್ ಮಾತಂತೂ ಕೇಳಲ್ಲ. ನೀವು ಪೇಪರ್‌ನೋರು, ನಿಮ್ಮ ಮಾತಾದ್ರೂ ಕೇಳ್ತಾಳೇನೋ ನೋಡಿ. ಒಂದೇ ಒಂದು ಕನ್ನಡ ಪುಸ್ತಕ ಓದ್ಸಿ ಸಾಕು. ಸ್ಕೂಲ್ ತೆಗೆದ್ರೆ ಹೈಸ್ಕೂಲು" ಎಂದಳು ಮಂಜುಳ.

ಪೇಪರ್‌ನೋರು ಹೇಳಿದರೆ ಮಕ್ಕಳು ಓದುತ್ತಾರೆ ಎಂಬ ನಂಬಿಕೆ ಅವಳಿಗೆ ಎಲ್ಲಿಂದ ಬಂತೋ ತಿಳಿಯದು. ನನ್ನ ಮಾತು ಕೇಳಿ ನನ್ನ ಮಕ್ಕಳೇ ಓದಿದ್ದಿಲ್ಲ. ಆದರೂ ಹೊಗಳಿಸಿಕೊಂಡವನಂತೆ ಉಬ್ಬಿ, ಒಂದು ಒಳ್ಳೆಯ ಪುಸ್ತಕ ಹಿಡಿದು ಶ್ರೀನಿವಾಸಪುರದ ಬಸ್ಸು ಹತ್ತಿದೆ. ಚೈತ್ರ ಎರಡೂ ಕೈಯಲ್ಲಿ ಪುಸ್ತಕ ತೆಗೆದುಕೊಂಡಳು. "ಥ್ಯಾಂಕ್ಯೂ ತಾತ, ಆಮೇಲೆ ಓದ್ತೀನಿ" ಎಂದಳು. ಮುಂದಿನ ವಾರ ಹೋದಾಗ ಅದು ಟೀವಿ ರಿಮೋಟಿನ ಕೆಳಗೆ ಇತ್ತು. ಅದರ ಮುಂದಿನ ವಾರ ಅದರ ಮೇಲೆ ಉಪ್ಪಿನಕಾಯಿ ಜಾಡಿ ಕೂತಿತ್ತು.

ಈ ಕಾಲದ ಮಕ್ಕಳೇ ಹೀಗೆ ಎಂದು ನಾನು ಅಡುಗೆಮನೆಯಲ್ಲಿ ನಿಂತು ಭಾಷಣ ಶುರುಮಾಡಿದೆ. ಅಕ್ಕ ನೆನೆಸಿದ ಅವರೆಕಾಳು ಹಿಚುಕುತ್ತಾ ಕೂತಿದ್ದವಳು ತಲೆ ಎತ್ತಲಿಲ್ಲ.

"ಲೇ, ಮೆತ್ತಗೆ ಮಾತಾಡು. ಅವಳಿಗೆ ಓದೋಕೆ ಮನಸ್ಸಿಲ್ಲ ಅಂತಲ್ಲ ಕಣೋ, ಕೂಡಿಸಿ ಕೂಡಿಸಿ ಓದ್ತಾಳೆ. ಒಂದೊಂದೇ ಅಕ್ಷರ. ಕ್ಲಾಸಲ್ಲಿ ಎದ್ದು ನಿಲ್ಲಿಸಿ ಓದಿಸಿದಾಗ ಎಲ್ಲಾ ನಕ್ಕುಬಿಟ್ರಂತೆ. ಇನ್ಮೇಲೆ ಕನ್ನಡ ಪುಸ್ತಕ ಯಾರ ಮುಂದೂ ತೆಗೆಯಲ್ಲ ಅಂತ ಕೂತವ್ಳೆ."

"ನಿನಗೆ ಯಾರು ಹೇಳಿದ್ರು?"

"ಅವಳೇ. ಕನ್ನಡಕ ಸಿಗಲಿಲ್ಲ, ಕ್ಯಾಲೆಂಡರ್ ಹಿಂದುಗಡೆ ಏನೈತೆ ಒಸಿ ಓದೇ ಅಂದೆ. ಅಳ್ತಾ ಹೋಗಿ ಮಹಡಿ ಮೇಲೆ ಕೂತ್ಕೊಂಡ್ಲು. ನೀನು ಬಾಯಿ ಬಿಡಬೇಡ, ತಿಳೀತಾ? ಅವರಮ್ಮಂಗೂ ಗೊತ್ತಿಲ್ಲ."

ಹುಡುಗಿ ಅಜ್ಜಿಯೊಡನೆ ತೆಲುಗು, ಬೀದಿಯಲ್ಲಿ ಕನ್ನಡ, ಮೊಬೈಲಿನಲ್ಲಿ ಇಂಗ್ಲಿಷು, ಎಲ್ಲವನ್ನೂ ಅರಳು ಹುರಿದಂತೆ ಆಡುತ್ತಾಳೆ. ಮಾತಾಡುವ ಭಾಷೆಯೇ ಕಾಗದದ ಮೇಲೆ ಬಂದಾಗ ಅವಳನ್ನು ಹೆದರಿಸುತ್ತದೆ ಎಂದರೆ ಯಾರನ್ನು ಬಯ್ಯಬೇಕು? ಮೊಬೈಲನ್ನು ಬಯ್ಯಲು ಸಿದ್ಧನಾಗಿ ಬಂದಿದ್ದವನಿಗೆ ಬಯ್ಯಲು ಯಾರೂ ಉಳಿಯಲಿಲ್ಲ. ಹುಡುಗಿ ಒಂದು ಸಲ ಬಾಗಿಲು ಹಾಕಿಕೊಂಡರೆ ಮತ್ತೆ ತೆಗೆಯುವುದು ಕಷ್ಟ, ಅದಷ್ಟೇ ಗೊತ್ತಾಯಿತು.

ಇಲ್ಲಿ ನಮ್ಮಿಬ್ಬರ ಓದಿನ ವಿಷಯ ಹೇಳಬೇಕು. ನಾನು, ಅಕ್ಕ ಹುಟ್ಟಿ ಬೆಳೆದದ್ದು ಸುಗಟೂರಿನಲ್ಲಿ. ಮನೆಯಲ್ಲಿ ರೇಷ್ಮೆ ಹುಳ ಸಾಕುತ್ತಿದ್ದರು. ಬೇಸಿಗೆಯಲ್ಲಿ ಊರಿಗೆಲ್ಲ ತಂಪಾದ ಜಾಗ ಎಂದರೆ ಹುಳದ ಮನೆ. ಕಿಟಕಿಗಳಿಗೆ ಗೋಣಿಚೀಲ ಕಟ್ಟಿ ನೀರು ಚಿಮುಕಿಸುತ್ತಿದ್ದರು. ಹುಳಗಳು ಸೊಪ್ಪು ತಿನ್ನುವ ಸದ್ದು ಹಂಚಿನ ಮೇಲೆ ಸಣ್ಣ ಮಳೆ ಹನಿಯುವ ಹಾಗೆ ಒಂದೇ ಸಮನೆ ಕೇಳುತ್ತಿರುತ್ತಿತ್ತು. ಹೊರಗಿನವರು ಒಳಗೆ ಬರುವಂತಿಲ್ಲ, ಒಳಗಿದ್ದವರು ಗಲಾಟೆ ಮಾಡುವಂತಿಲ್ಲ. ಹುಳಕ್ಕೆ ದೃಷ್ಟಿಯಾಗುತ್ತದೆ ಎಂದು ಅಮ್ಮ ಹೇಳುತ್ತಿದ್ದಳು. ಸದ್ದಿಗೂ ದೃಷ್ಟಿಗೂ ಏನು ಸಂಬಂಧ ಎಂದು ಕೇಳುವ ಬುದ್ಧಿ ಆಗ ನನಗಿರಲಿಲ್ಲ. ಪತ್ರಿಕೆಗೆ ಸೇರಿದ ಮೇಲೆ ಬಂತು, ಆಗ ಕೇಳಲು ಅಮ್ಮ ಇರಲಿಲ್ಲ.

ಬೇಸಿಗೆ ರಜೆಗೆ ಬೀಗ ಹಾಕುವ ಮುನ್ನ ನಮ್ಮ ಮೇಷ್ಟ್ರು ಶಾಲೆಯ ಬೀರುವಿನಿಂದ ಮನೆಗೊಂದು ಪುಸ್ತಕ ಕೊಟ್ಟು ಕಳಿಸುತ್ತಿದ್ದರು. ಒಂದು ವರ್ಷ ನಮ್ಮ ಪಾಲಿಗೆ ಬಂದದ್ದು ಒಂಟಿ ಕಿವಿಯ ಕುದುರೆಯೊಂದರ ಕಥೆ. ಸಂತೆಯಲ್ಲಿ ಮಾರಿಹೋದ ಕುದುರೆ ಹಗ್ಗ ಕಿತ್ತುಕೊಂಡು, ಬೆಟ್ಟ ಹಳ್ಳ ದಾಟಿಕೊಂಡು ತನ್ನ ಹಳೆಯ ಮನೆಯ ಕಡೆ ನಡೆಯುತ್ತದೆ. ಅಷ್ಟೇ ಕಥೆ. ಆ ರಜೆ ಪೂರ್ತಿ ಹುಳದ ತಟ್ಟೆಗಳ ಕೆಳಗೆ ಚಾಪೆ ಹಾಸಿ, ಬೋರಲು ಮಲಗಿ, ಇಬ್ಬರೂ ಒಂದೇ ಪುಸ್ತಕ ಓದಿದೆವು. ಅಕ್ಕ ನನಗಿಂತ ದೊಡ್ಡವಳು, ಬೇಗ ಓದುತ್ತಿದ್ದಳು. ನಾನು ಪುಟದ ಅರ್ಧಕ್ಕೆ ಬರುವಷ್ಟರಲ್ಲಿ ಅವಳದು ಮುಗಿದಿರುತ್ತಿತ್ತು. ತಡಿ ಎಂದು ಕೂಗುವ ಹಾಗಿಲ್ಲ, ಹುಳ ಇದೆ. ಅವಳು ಪುಟ ತಿರುಗಿಸಿಬಿಡುತ್ತಿದ್ದಳು, ಕೊನೆಯದಾದರೆ ಪುಸ್ತಕವನ್ನೇ ಮುಚ್ಚಿಬಿಡುತ್ತಿದ್ದಳು. ಹೀಗೆ ಆ ಪುಸ್ತಕದ ಪುಟಗಳ ಮೇಲರ್ಧ ಮಾತ್ರ ನಾನು ಓದಿದ್ದು, ಕೆಳಗಿನದು ಊಹೆ. ಮುಖ್ಯವಾದದ್ದನ್ನು ಮೊದಲೇ ಹೇಳಿಬಿಡಬೇಕು, ಓದುವವನು ಕೊನೆಯವರೆಗೆ ಬರುವ ಭರವಸೆ ಇಲ್ಲ ಎಂದು ಮುಂದೆ ಪತ್ರಿಕೆಯಲ್ಲಿ ಕಲಿಸಿದಾಗ, ಈ ಪಾಠ ನನಗೆ ಮೊದಲೇ ಆಗಿದೆಯಲ್ಲ ಅನ್ನಿಸಿತ್ತು.

ಇರಲಿ. ಚೈತ್ರಳ ವಿಷಯಕ್ಕೆ ನಾನೊಂದು ಉಪಾಯ ಹೂಡಿದೆ. ಅವಳೊಬ್ಬಳ ಕೈಗೆ ಪುಸ್ತಕ ಕೊಟ್ಟರೆ ಎಲ್ಲರ ಕಣ್ಣೂ ಅವಳ ಮೇಲೆ. ಬೀದಿಯ ಮಕ್ಕಳನ್ನೆಲ್ಲ ಸೇರಿಸಿ ಜಗಲಿ ತುಂಬ ಪುಸ್ತಕ ಹರಡಿದರೆ ಯಾರು ಬೇಗ ಓದಿದರು, ಯಾರು ನಿಧಾನ ಎಂದು ಯಾರು ನೋಡುತ್ತಾರೆ? ಕೋಲಾರದಲ್ಲಿ ಗೊತ್ತಿದ್ದವರ ಮನೆಗಳಿಗೆ ಹೋಗಿ ಮಕ್ಕಳು ಓದಿ ಬಿಟ್ಟ ಪುಸ್ತಕಗಳನ್ನು ಕೇಳಿ ತಂದೆ. ಒಂದು ಮನೆಯ ಅಟ್ಟದಿಂದ ಇಳಿಸಿದ ಕಟ್ಟಿನಲ್ಲಿ ಒಂಟಿ ಕಿವಿಯ ಕುದುರೆ ಸಿಕ್ಕಿತು! ಬೆನ್ನು ಹರಿದಿತ್ತು, ದಾರ ಸಡಿಲವಾಗಿತ್ತು. ನಿಂತಲ್ಲೇ ಓದಿಬಿಡೋಣ ಅನ್ನಿಸಿದರೂ ಮಕ್ಕಳ ಜೊತೆ ಕೂತು ಓದುವ ಆಸೆಯಿಂದ ಎಲ್ಲದರ ಮೇಲೆ ಇಟ್ಟು ಕಟ್ಟಿದೆ.

ಕಟ್ಟಿದ್ದರಲ್ಲೇ ತಪ್ಪಾಯಿತು. ಭಾವ ನಾರಾಯಣಪ್ಪನವರದು ಶ್ರೀನಿವಾಸಪುರದಲ್ಲಿ ಮಾವಿನ ಮಂಡಿ. ತೋಟಗಳಿಂದ ಬಂದ ಕಾಯನ್ನು ಗಾತ್ರ ನೋಡಿ ವಿಂಗಡಿಸಿ ಪೆಟ್ಟಿಗೆಗೆ ತುಂಬಿ ಲಾರಿಗೆ ಏರಿಸುತ್ತಾರೆ. ಪೆಟ್ಟಿಗೆಯ ತಳಕ್ಕೆ ಹುಲ್ಲು, ಕಾಯಿಗಳ ನಡುವೆ ಹಳೇ ಪೇಪರು. ಪ್ರತಿ ವರ್ಷ ಬಾದಾಮಿ ಶುರುವಾಗುವ ಹೊತ್ತಿಗೆ ನಮ್ಮ ಮನೆಗೆ ಬರುವ ಅಷ್ಟೂ ಪತ್ರಿಕೆಗಳನ್ನು ಗೋಣಿತಾಟಿನಲ್ಲಿ ಸುತ್ತಿ, ಹುರಿ ಬಿಗಿದು, ಶ್ರೀನಿವಾಸಪುರಕ್ಕೆ ಹೋಗುವ ಟೆಂಪೋದಲ್ಲಿ ಹಾಕುವುದು ನನ್ನ ಪದ್ಧತಿ. ರಜೆ ಮುಗಿಯುವಷ್ಟರಲ್ಲಿ ಭಾವ ಒಂದು ಪೆಟ್ಟಿಗೆ ಬಾದಾಮಿ ಕಳಿಸುವುದು ಅವರ ಪದ್ಧತಿ. ನಾನು ತಿದ್ದಿದ ಸುದ್ದಿಗಳು ಪತ್ರಿಕೆ ಮುಟ್ಟದ ಊರುಗಳಿಗೂ ಈ ಮಾರ್ಗವಾಗಿ ಹೋಗುತ್ತವೆ ಎಂದು ನನಗೊಂದು ಗುಟ್ಟಿನ ಹೆಮ್ಮೆಯೂ ಇತ್ತು. ಈ ಸಲ ಪುಸ್ತಕಗಳನ್ನೂ ಅದೇ ಗೋಣಿತಾಟಿನಲ್ಲಿ ಸುತ್ತಿದೆ. ಅದೇ ಹುರಿ, ಅದೇ ಟೆಂಪೋ. ಭಾನುವಾರ ನಾನೇ ಬರುತ್ತೇನಲ್ಲ ಎಂದು ಫೋನೂ ಮಾಡಲಿಲ್ಲ. ಫೋಟೋದ ಕೆಳಗೆ ಎಡದಿಂದ ಬಲಕ್ಕೆ ಯಾರ್‍ಯಾರು ನಿಂತಿದ್ದಾರೆ ಎಂದು ಬರೆಯದಿದ್ದರೆ ಕಚೇರಿಯ ಹುಡುಗರನ್ನು ಬೈಯುವ ನಾನು, ಆ ಮೂಟೆಯ ಮೇಲೆ ಒಂದು ಚೀಟಿ ಅಂಟಿಸಲಿಲ್ಲ.

ಭಾನುವಾರ ಹೋದೆ. ಬೀದಿಯ ಮಕ್ಕಳು ತಲೆ ಬಾಚಿಕೊಂಡು ಜಗಲಿಯಲ್ಲಿ ಕೂತಿದ್ದರು. ಅಕ್ಕ ಬೇಲದ ಹಣ್ಣಿನ ಪಾನಕ ಮಾಡಿದ್ದಳು. ಚೈತ್ರ ಕಂಬಕ್ಕೊರಗಿ, ತಾನು ಇದಕ್ಕೆ ಸೇರಿದವಳಲ್ಲ ಎಂಬಂತೆ ನಿಂತಿದ್ದಳು.

"ಪುಸ್ತಕ ಎಲ್ಲಿ ಭಾವ? ಮೂಟೆ ಬಂತಲ್ವಾ?" ಎಂದೆ.

"ಬಂತಲ್ಲಯ್ಯಾ! ಹೇಳೋದೇ ಮರ್ತೆ. ಏನ್ ಪೇಪರಯ್ಯಾ ಅದು! ದಪ್ಪಗೆ, ಮೆತ್ತಗೆ. ಬಾದಾಮಿಗೆ ಮಾತ್ರ ಹಾಕಿ, ತೋತಾಪುರಿಗೆ ಮುಟ್ಟಿಸಬೇಡಿ ಅಂತ ಮುನಿಯಮ್ಮಂಗೆ ಹೇಳ್ದೆ. ಒಂದು ಕಾಯೂ ನಜ್ಜಾಗಿಲ್ಲ. ಬರೋ ವರ್ಷಾನೂ ಇದನ್ನೇ ಕಳ್ಸು" ಎಂದರು ಭಾವ, ತುಂಬಾ ಸಂತೋಷದಿಂದ.

ನಾನು ಜಗಲಿಯ ಮೇಲೆ ಕೂತುಬಿಟ್ಟೆ. ವಿಷಯ ತಿಳಿದ ಭಾವ ಅಂಗೈಯಿಂದ ಹಣೆ ಹೊಡೆದುಕೊಂಡರು. "ಅಯ್ಯೋ ರಾಮ! ಮೇ ತಿಂಗಳಲ್ಲಿ ಮಂಡಿಗೆ ಮೂಟೆ ಬಂದ್ರೆ ಓದೋಕೆ ಬಂದೈತೆ ಅಂತ ಯಾರಾದ್ರೂ ಅಂದ್ಕೊಂತಾರಾ?" ಎಂದರು. ಅವರ ಮಾತಿನಲ್ಲಿ ತಪ್ಪೇನೂ ಕಾಣಲಿಲ್ಲ. ಆಗ ಕಂಬದ ಹತ್ತಿರ ಕಿಸಕ್ ಎಂದು ಯಾರೋ ನಕ್ಕರು. ಚೈತ್ರ. ಆ ರಜೆಯಲ್ಲಿ ಅವಳು ನಕ್ಕದ್ದು ನಾನು ನೋಡಿದ್ದು ಅದೇ ಮೊದಲು. ನಗು ತಡೆಯಲು ದುಪ್ಪಟ್ಟಾ ಬಾಯಿಗೆ ತುರುಕಿಕೊಂಡಿದ್ದಳು. "ತಾತನ್ ಬುಕ್ಕೆಲ್ಲ ಮಾವಿನ್ ಕಾಯಿ ಓದ್ತಾ ಅವೆ!" ಎಂದಳು. ಮಕ್ಕಳೆಲ್ಲ ಹೋ ಎಂದರು.

ಬಂದ ಮಕ್ಕಳನ್ನು ಏನು ಮಾಡುವುದು? ಉಳಿದಿದ್ದರೆ ನೋಡೋಣ ಎಂದು ಎಲ್ಲರೂ ಪಕ್ಕದ ಮಂಡಿಗೆ ಹೋದೆವು. ಕೆಲವು ಪೆಟ್ಟಿಗೆಗಳು ಆಗಲೇ ಚಿತ್ತೂರಿನ ಕಡೆ ಹೋಗಿದ್ದವು. ಮಿಕ್ಕವು ಲಾರಿಗಾಗಿ ಕಾದಿದ್ದವು. ಕಾಯಿ ತುಂಬುವ ಹೆಂಗಸರ ಮೇಸ್ತ್ರಿ ಮುನಿಯಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿ ಅಡ್ಡ ನಿಂತಳು.

"ಕಟ್ಟಿರೋ ಬಾಕ್ಸು ಬಿಚ್ಚೋಕೆ ನಾನು ಬಿಡಲ್ಲ. ಕಾಯಿ ಕಾಯಿಗೆ ತಾಕಿದ್ರೆ ಸಾಹುಕಾರ್ರು ಬಯ್ಯೋದು ನನ್ನ."

ಚೈತ್ರ ಮುಂದೆ ಹೋದಳು. "ಆಂಟಿ, ಒಂದು ಪೇಪರ್ ತೆಗೆದ್ರೆ ಅಲ್ಲಿಗೆ ಇನ್ನೊಂದು ಪೇಪರ್ ಇಟ್ರೆ? ಅಲ್ಲಿ ಹಳೇ ನ್ಯೂಸ್‌ಪೇಪರ್ ಇದೆಯಲ್ಲ."

ಮುನಿಯಮ್ಮ ಭಾವನ ಮುಖ ನೋಡಿದಳು. ಭಾವ ನನ್ನ ಮುಖ ನೋಡಿ, "ಆಗ್ಲಿ, ಬಿಚ್ಚಲಿ ಬಿಡು. ಆದ್ರೆ ಆ ಮೂಲೇಲಿರೋ ನೆಂಟರ ಬಾಕ್ಸ್ ಯಾರೂ ಮುಟ್ಟಂಗಿಲ್ಲ" ಎಂದರು. ಮೊದಲ ಒಳ್ಳೆಯ ಕಾಯಿಯನ್ನು ನೆಂಟರಿಷ್ಟರಿಗೆಂದು ತೆಗೆದಿಟ್ಟು ಮೊಳೆ ಹೊಡೆದುಬಿಡುತ್ತಾರೆ. ಆಮೇಲೆ ಅದನ್ನು ಯಾರೂ ಬಿಚ್ಚುವಂತಿಲ್ಲ, ಆ ಮನೆಯ ಯಜಮಾನನೂ ಸಹ.

ಅವತ್ತು ಮತ್ತು ಅದರ ಮುಂದಿನ ದಿನಗಳಲ್ಲಿ ಮಂಡಿಯಲ್ಲಿ ನಡೆದದ್ದನ್ನು ಏನೆಂದು ಕರೆಯಬೇಕೋ ತಿಳಿಯದು. ನನ್ನ ಮನಸ್ಸಿನಲ್ಲಿದ್ದದ್ದು ಸಾಲಾಗಿ ಕೂತು ಮೌನವಾಗಿ ಓದುವ ಮಕ್ಕಳ ಚಿತ್ರ. ಇಲ್ಲಿ ಮಕ್ಕಳು ಪೆಟ್ಟಿಗೆಗೆ ತಲೆ ಹಾಕಿ ಪುಟ ಎಳೆಯುತ್ತಿದ್ದರು, ಅದರ ಜಾಗಕ್ಕೆ ಪತ್ರಿಕೆ ತುರುಕುತ್ತಿದ್ದರು. ಸಿಕ್ಕಿದ್ದು ಯಾವ ಕಥೆಯದು, ಹಿಂದೇನು ಮುಂದೇನು ಎಂದು ತಿಳಿಯಬೇಕಾದರೆ ಓದಲೇಬೇಕು. ಯಾರ ಹತ್ತಿರವೂ ಪೂರ್ತಿ ಕಥೆಯಿಲ್ಲ.

"ಲೇ, ನಂಗೆ ರಾಜ ಸಿಕ್ದ! ಆದ್ರೆ ಆಗ್ಲೇ ಸತ್ತೋಗವ್ನೆ."

"ಯಾರೋ ಸಾಯಿಸಿದ್ದು?"

"ಅದು ನಿನ್ ಬಾಕ್ಸಲ್ಲೈತೆ, ನೋಡ್ಲಾ."

"ಇಲ್ಲ ಕಣೋ. ಸಾಯಿಸ್ದೋನು ಲಾರಿ ಹತ್ತವ್ನೆ. ಈಗ ನಂಗಲಿ ದಾಟಿರ್ತಾನೆ."

ನಾನು ಒಬ್ಬೊಬ್ಬರಿಗೂ ಸರಿಯಾಗಿ ಕೂತು ಓದಿ ಎಂದು ಹೇಳಿನೋಡಿದೆ. ಯಾರೂ ಕೇಳಲಿಲ್ಲ. ಚೈತ್ರಳ ಕಡೆ ನೋಡುವುದಿಲ್ಲ ಎಂದು ಅಕ್ಕನಿಗೆ ಮಾತು ಕೊಟ್ಟಿದ್ದೆ. ನೋಡದೆ ಇರಲಾಗಲಿಲ್ಲ. ಖಾಲಿ ಕ್ರೇಟುಗಳ ಹಿಂದೆ ಗೋಡೆಗೆ ಮುಖ ಮಾಡಿ ಕೂತಿದ್ದಳು. ಮಡಿಲಲ್ಲಿ ಸೊನೆ ಹತ್ತಿದ ಪುಟ, ಅದರ ಮೇಲೆ ಬೆರಳು. ತುಟಿ ಅಲುಗುತ್ತಿತ್ತು. ಯಾರಾದರೂ ಬಂದರೆ ಪುಟ ಎತ್ತಿ ಯಾವ ಕಥೆಯದು ಎಂದು ಹುಡುಕುವವಳಂತೆ ನಟಿಸುತ್ತಿದ್ದಳು. ಅಲ್ಲಿ ಎಲ್ಲರೂ ಹುಡುಕುವವರೇ ಆದ್ದರಿಂದ ಅದು ಯಾರ ಕಣ್ಣಿಗೂ ಬೀಳಲಿಲ್ಲ. ಅವಳು ಹುಡುಕುತ್ತಿದ್ದದ್ದು ಒಂದೇ ಕಥೆಯ ಪುಟಗಳನ್ನು. ಬೇರೆಯವರಿಗೆ ಸಿಕ್ಕಿದರೆ ತನ್ನ ಹತ್ತಿರವಿದ್ದ ಬೇರೆ ಕಥೆಯ ಪುಟ ಕೊಟ್ಟು ಬದಲಾಯಿಸಿಕೊಳ್ಳುತ್ತಿದ್ದಳು. ಒಂಟಿ ಕಿವಿಯ ಕುದುರೆ.

ಲಾರಿ ಹೋದ ಮೇಲೆ ಪುಟಗಳನ್ನು ಜೋಡಿಸಿ ಅಕ್ಕ ದಬ್ಬಳದಲ್ಲಿ ಹೊಲಿದುಕೊಟ್ಟಳು. ನಡುವೆ ಅಲ್ಲೊಂದು ಇಲ್ಲೊಂದು ಹೋಗಿದ್ದವು, ಅದು ತೊಂದರೆಯಿಲ್ಲ. ಕುದುರೆ ನಡೆಯುತ್ತಲೇ ಇರುತ್ತದಲ್ಲ. ಆದರೆ ಕೊನೆಯ ಪುಟವಿಲ್ಲ. ಚೈತ್ರ ಹೊಲಿದ ಪುಸ್ತಕ ಹಿಡಿದು ನಾನೂ ಅಕ್ಕನೂ ಊಟಕ್ಕೆ ಕೂತಲ್ಲಿಗೆ ಬಂದಳು.

"ತಾತ, ನೀವಿದನ್ನ ಓದಿದ್ದೀರಂತೆ. ಕೊನೇಲಿ ಏನಾಯ್ತು?"

"ಕುದುರೆ ಊರಿನ ಕೆರೇಲಿ ನೀರು ಕುಡಿದು, ಮನೆ ಕಡೆ ತಿರುಗದೆ ಮುಂದಕ್ಕೆ ಹೋಗಿಬಿಡ್ತು" ಎಂದೆ. ಆ ಚಿತ್ರ ಇಷ್ಟು ವರ್ಷ ನನ್ನ ಕಣ್ಣಿನಲ್ಲಿ ಹಾಗೇ ಇದೆ. ಏರಿಯ ಮೇಲೆ ತಲೆ ತಗ್ಗಿಸಿ ದೂರವಾಗುವ ಕುದುರೆ. ನೌಕರಿಗೆಂದು ಸುಗಟೂರು ಬಿಟ್ಟ ದಿನ ಬಸ್ಸಿನಲ್ಲಿ ನೆನಪಾದದ್ದೂ ಅದೇ.

"ಏನ್ ಹೇಳ್ತಾನೆ ನೋಡು!" ಎಂದಳು ಅಕ್ಕ. "ಮನೆಗೆ ಬರುತ್ತೆ ಕಣೇ. ಬಾಗಿಲಲ್ಲಿ ಬಂದು ನಿಂತ್ಕೊಳುತ್ತೆ."

"ಬರಲ್ಲ ಅಕ್ಕ. ನಂಗೆ ಚೆನ್ನಾಗಿ ನೆನಪಿದೆ."

"ನಂಗೂ ನೆನಪೈತೆ ಕಣೋ, ನಿನ್ ಪಕ್ಕದಲ್ಲೇ ಅಲ್ವೇನೋ ನಾನು ಮಲಗಿದ್ದಿದ್ದು?"

ಚೈತ್ರ ಇಬ್ಬರನ್ನೂ ನೋಡಿದಳು. "ನೀವಿಬ್ರೂ ಒಂದೇ ಬುಕ್ ತಾನೇ ಓದಿದ್ದು?" ಎಂದಳು.

ಕೋಲಾರಕ್ಕೆ ಬಂದ ಮೇಲೂ ಅದೇ ಯೋಚನೆ. ಸುದ್ದಿಯಾಗಿದ್ದರೆ ಇನ್ನೊಬ್ಬರನ್ನು ಕೇಳಿ ಖಚಿತ ಮಾಡಿಕೊಳ್ಳಬಹುದಿತ್ತು. ಪುಸ್ತಕ ಕೊಟ್ಟ ಮನೆಯವರನ್ನು ಕೇಳಿದೆ, ಕುದುರೆಯಾ, ನಮಗೆ ನೆನಪಿಲ್ಲ ಎಂದರು. ರಜೆ ಮುಗಿಯುವ ಹೊತ್ತಿಗೆ ವಾಡಿಕೆಯಂತೆ ಭಾವನ ಬಾದಾಮಿ ಬಂತು. ಮೊಳೆ ಕಿತ್ತು ಮುಚ್ಚಳ ತೆಗೆದಾಗ ಹಣ್ಣಿನ ಘಮ ಮನೆಯನ್ನೆಲ್ಲ ತುಂಬಿತು. ಹೆಂಡತಿ ಒಂದೊಂದೇ ಹಣ್ಣು ಎತ್ತಿ ತಟ್ಟೆಗೆ ಇಡುತ್ತಿದ್ದಳು. ತಳದ ಹಣ್ಣೊಂದರ ಸುತ್ತ ಒಂದು ಪುಟ, ತೊಟ್ಟಿನ ಹತ್ತಿರ ಅಂಟಿಕೊಂಡಿತ್ತು. ಅದರ ತುದಿಯಲ್ಲಿ, ಕಥೆ ಮುಗಿದ ಕಡೆ ಅಚ್ಚು ಹಾಕಿದ್ದ ಸಣ್ಣ ಹೂವು ಕಂಡಿತು. ನೆಂಟರ ಪೆಟ್ಟಿಗೆ!

ಓದಬೇಕೆಂದು ಕನ್ನಡಕ ಹುಡುಕಿದೆ. ಯಾಕೋ ಮೊದಲು ಫೋನು ಮಾಡಿದೆ. ಕೊನೆಯ ಪುಟ ಸಿಕ್ಕಿತು ಎಂದು ಚೈತ್ರಳಿಗೆ ಹೇಳಿದೆ.

"ತಾತ, ನೀವು ಓದಿಬಿಟ್ರಾ?"

"ಇಲ್ಲ. ಓದಿ ಹೇಳ್ಲಾ?"

"ಬೇಡ, ಬೇಡ! ಮುಟ್ಬೇಡಿ. ಅಮ್ಮ ನಾಳೆ ಬರ್ತಾರೆ, ಮಾಲೂರಿಗೆ ಹೋಗ್ತಾ ಅಲ್ಲಿಗೆ ಬರ್ತೀನಿ. ನಾನೇ ಓದ್ತೀನಿ."

ಮರುದಿನ ಮಂಜುಳ ಒಳಗೆ ನನ್ನ ಹೆಂಡತಿಯ ಜೊತೆ ಮಾತಿಗೆ ಕೂತಾಗ ಚೈತ್ರ ಕೋಣೆಯ ಬಾಗಿಲು ಮುಂದೆ ಮಾಡಿದಳು. ಪುಟವನ್ನು ಮೇಜಿನ ಮೇಲೆ ಹರಡಿ ಎರಡೂ ಕೈಯಲ್ಲಿ ಸುಕ್ಕು ತೀಡಿದಳು.

"ನಗಬಾರದು" ಎಂದಳು.

"ನಗಲ್ಲ."

"ಮುಂದಿಂದು ಹೇಳ್ಕೊಡಬಾರದು."

"ಹೇಳ್ಕೊಡಲ್ಲ."

ಬೆರಳಿಟ್ಟು ಶುರುಮಾಡಿದಳು. ಒಂದೊಂದೇ ಅಕ್ಷರ. ಒತ್ತಕ್ಷರ ಬಂದಲ್ಲಿ ನಿಂತು, ಹಿಂದಕ್ಕೆ ಹೋಗಿ, ಮತ್ತೆ ಕೂಡಿಸಿ ಮುಂದಕ್ಕೆ. ನನ್ನ ಕಣ್ಣು ಅಭ್ಯಾಸಬಲದಿಂದ ಕೆಳಗೆ ಜಾರುತ್ತಿತ್ತು. ಎಳೆದು ತಂದು ಅವಳ ಬೆರಳಿನ ಹತ್ತಿರ ನಿಲ್ಲಿಸಿದೆ. ಮೊದಲ ಸಾಲುಗಳಲ್ಲೇ ಕುದುರೆ ಕೆರೆಗೆ ಬಂತು, ನೀರು ಕುಡಿಯಿತು, ಮನೆಯ ಬೀದಿಯ ಕಡೆ ತಿರುಗದೆ ಏರಿಯ ಮೇಲೆ ಮುಂದಕ್ಕೆ ನಡೆಯಿತು. ನೋಡಿದೆಯಾ ಎಂಬಂತೆ ನಾನು ತಲೆ ಎತ್ತಿದೆ. ಅವಳು ನನ್ನನ್ನು ನೋಡಲಿಲ್ಲ, ಬೆರಳು ಕಲೆಯ ಅಂಚಿಗೆ ಬಂದಿತ್ತು. ಕಲೆಯೊಳಗೆ ಅಕ್ಷರಗಳು ಮಸುಕಾಗಿದ್ದವು. ಅಲ್ಲಿ ನಾನೂ ಕೂಡಿಸಿಯೇ ಓದಬೇಕಾಯಿತು. "ಬ... ಬಾವಿ" ಎಂದೆ. "ಬಾವಿ ಅಲ್ಲ ತಾತ, ಬಾನಿ" ಎಂದಳು. ಅವಳದೇ ಸರಿ. ಅಂಗಳದಲ್ಲಿ ಯಾರೋ ಬಾನಿಗೆ ನೀರು ಸುರಿದ ಸದ್ದು ಒಂಟಿ ಕಿವಿಗೆ ಕೇಳಿಸಿತು. ಕಲೆ ದಾಟಿದ ಮೇಲೆ ಕುದುರೆ ನಿಂತಿತು. ತಿರುಗಿತು. ಚೈತ್ರಳ ದನಿ ಜೋರಾಯಿತು, ಬೆರಳು ಹೂವಿನ ಹತ್ತಿರ ಬಂದು ನಿಂತಿತು.

"ಬಂತು ತಾತ. ಮನೆಗೆ ಬಂತು."

ಅಕ್ಕನಿಗೆ ಫೋನು ಮಾಡಿದರೆ, "ನಾನ್ ಹೇಳಲಿಲ್ವೇನೋ?" ಎಂದು ಅಲ್ಲಿಂದಲೇ ನಕ್ಕಳು. ಪತ್ರಿಕೆಯಲ್ಲಾಗಿದ್ದರೆ ಒಳಪುಟದ ಮೂಲೆಯಲ್ಲಿ ಒಂದು ತಿದ್ದುಪಡಿ ಹಾಕಿ ಮುಗಿಸುತ್ತಿದ್ದೆ. ಇದಕ್ಕೆ ಎಲ್ಲಿ ಹಾಕುವುದು? ಏರಿಯ ಮೇಲೆ ದೂರವಾಗುವ ಆ ಕುದುರೆಯನ್ನು ಇಷ್ಟು ವರ್ಷ ಸಾಕಿದವನು ನಾನು. ಒಂದು ಮಧ್ಯಾಹ್ನದಲ್ಲಿ ಹಿಂದಕ್ಕೆ ತಿರುಗು ಎಂದರೆ ಅದು ನನ್ನ ಮಾತು ಕೇಳೀತೇ?

"ಇನ್ನೊಂದ್ಸಲ ಓದ್ಲಾ ತಾತ? ಈ ಸಲ ಬೇಗ ಓದ್ತೀನಿ" ಎಂದಳು ಚೈತ್ರ.

"ಬೇಡಮ್ಮ, ಅಷ್ಟೇ ನಿಧಾನಕ್ಕೆ ಓದು" ಎಂದೆ. ನನ್ನ ಕುದುರೆ ಇನ್ನೂ ಕೆರೆಯ ಹತ್ತಿರವೇ ಇತ್ತು.